ಲಿಫ್ಟಿನ ಮೂಲೆಗೆ ಒಂದು ಹಾಳೆ

ನಮ್ಮ ಮನೆಯಲ್ಲಿ ಕುಂಟುವ ಸಾಮಾನು ಒಂದೂ ಇಲ್ಲ. ಜಂಬಕ್ಕೆ ಹೇಳುವುದಲ್ಲ, ದಾಂಡೇಲಿಯ ಕಡೆ ಬಂದಾಗ ನೀವೇ ಒಮ್ಮೆ ಅಲುಗಾಡಿಸಿ ನೋಡಬಹುದು. ಕಪಾಟು, ಮಂಚ, ಫ್ರಿಜ್ಜು, ನನ್ನ ಹೊಲಿಗೆ ಮಷಿನ್ನು, ಎಲ್ಲವೂ ನೆಲದಿಂದಲೇ ಮೊಳೆತು ಬಂದಂತೆ ನಿಂತಿವೆ. ಒಂದೊಂದರ ಕಾಲಿನ ಕೆಳಗೂ ಮಡಚಿದ ಕಾಗದ ಇದೆ. ಬೇರೆ ಊರಿನವರು ಇಂಥ ಕಡೆ ಹಂಚಿನ ಚೂರು ಇಡುತ್ತಾರೆ, ಇಲ್ಲವೇ ಕುಂಟುವುದಕ್ಕೆ ಒಗ್ಗಿಕೊಳ್ಳುತ್ತಾರೆ. ಕಾಗದದ ಮಿಲ್ಲಿನವರ ಮನೆಗಳಲ್ಲಿ ಕಾಗದ ಇಡುತ್ತೇವೆ. ಅದೂ ಕೈಗೆ ಸಿಕ್ಕಿದ್ದನ್ನಲ್ಲ. ನಮ್ಮ ಯಜಮಾನರು ಮೊದಲು ಸಾಮಾನನ್ನು ಒಮ್ಮೆ ಅಲುಗಾಡಿಸುತ್ತಾರೆ, ಕಣ್ಣು ಮುಚ್ಚುತ್ತಾರೆ, ಆಮೇಲೆ "ಎರಡು ದಪ್ಪಂದು, ಒಂದು ತೆಳ್ಳಂದು" ಎಂದು ಡಾಕ್ಟರು ಮಾತ್ರೆ ಹೇಳುವ ಹಾಗೆ ಹೇಳುತ್ತಾರೆ. ಅಷ್ಟು ಇಟ್ಟರೆ ಸಾಮಾನು ಸುಮ್ಮನಾಗುತ್ತದೆ.

ಹೋದ ವಾರ ಕಪಾಟಿನ ಕೆಳಗೆ ಕಸಬರಿಗೆ ಆಡಿಸುವಾಗ ಒಂದು ಕಾಗದದ ಮಡಿಕೆ ಹೊರಗೆ ಬಂತು. ಬಿಡಿಸಿ ನೋಡಿದೆ. ಮೂಲೆಯಲ್ಲಿ ಇವರ ಪೆನ್ಸಿಲ್ ಅಕ್ಷರ: "ಎಡ ಮೂಲೆ, ಮೂರು ಹಾಳೆ." ಕಪಾಟಿಗೆ ಬರುವ ಮುಂಚೆ ಆ ಕಾಗದ ಬೇರೆ ಕಡೆ ಕೆಲಸದಲ್ಲಿತ್ತು. ಅಲ್ಲಿ ಅದು ಮಾಡಿದ ಘನಕಾರ್ಯದಲ್ಲಿ ನನ್ನ ಪಾಲೂ ಇತ್ತು ಎಂಬುದು ಆಗ ಬಹಳ ಜನಕ್ಕೆ ಗೊತ್ತಿರಲಿಲ್ಲ. ಕಸಬರಿಗೆಯನ್ನು ಗೋಡೆಗೆ ಒರಗಿಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕಸ ಕಾಯುತ್ತದೆ, ಅದಕ್ಕೇನು.

ನಮ್ಮ ಯಜಮಾನರು ಮಿಲ್ಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಹಾಳೆಯ ದಪ್ಪ, ತೂಕ, ತೇವ ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ತೇವ ಎಂದದ್ದನ್ನು ದಯವಿಟ್ಟು ನೆನಪಿಡಿ. ಮದುವೆಯ ಕರೆಯೋಲೆ ಕೈಗೆ ಬಂದರೆ ಮದುಮಕ್ಕಳ ಹೆಸರು ಓದುವ ಮುಂಚೆ ಅದರ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ "ಹಗುರ ಐತಿ" ಎನ್ನುವವರು ಇವರು. ನಿವೃತ್ತರಾದ ಮೇಲೆ ಉಜ್ಜಲು ಏನೂ ಸಿಗದೆ ಒಂದು ತಿಂಗಳು ಮನೆಯೊಳಗೆ ಓಡಾಡಿದರು. ನನ್ನ ಚಪಾತಿಯ ದಪ್ಪದ ಬಗ್ಗೆ ಎರಡು ಸಲ ಅಭಿಪ್ರಾಯ ಹೇಳಿದರು. ಮೂರನೆಯ ಸಲ ಹೇಳುವ ಮುಂಚೆ ದೇವರ ದಯೆಯಿಂದ ಫೋನಿನಲ್ಲಿ ಬಡಗಿ ಕೆಲಸದ ವಿಡಿಯೋಗಳು ಸಿಕ್ಕವು. ಹಿತ್ತಲಿನ ಪತ್ರಾಸು ತಗಡಿನ ಶೆಡ್ಡಿನಲ್ಲಿದ್ದ ಹಳೆ ಸೈಕಲ್ಲು, ಒಡೆದ ಕುಂಡಗಳು ಹೊರಗೆ ಬಂದವು. ಇವರು ಒಳಗೆ ಹೋದರು.

ರೌಟರ್ ಎಂದರೆ ಏನೆಂದು ನನಗೂ ಆಗಲೇ ಗೊತ್ತಾದದ್ದು. ನಮ್ಮ ಅಡುಗೆಮನೆಯ ಮಿಕ್ಸರನ್ನು ನೆನೆಸಿಕೊಳ್ಳಿ. ಅದರ ಬ್ಲೇಡಿನ ಜಾಗದಲ್ಲಿ 'ಬಿಟ್ಟು' ಎನ್ನುವ ಬೆರಳುದ್ದದ ಉಕ್ಕಿನ ಉಳಿಯೊಂದು ಗಿರ್ರನೆ ತಿರುಗುತ್ತದೆ, ಮರದಲ್ಲಿ ಕಾಲುವೆಯ ಹಾಗೆ ಸಾಲು ಕೊರೆಯುತ್ತದೆ, ಅಂಚನ್ನು ದುಂಡಗೆ ಮಾಡುತ್ತದೆ. ಕೈಯಲ್ಲಿ ಹಿಡಿದು ಓಡಿಸಬಹುದು. ಮೇಜಿನ ಕೆಳಗೆ ನೇತುಹಾಕಿ, ಬಿಟ್ಟನ್ನು ಒಂದು ತೂತಿನಿಂದ ಮೇಲೆ ಇಣುಕಿಸಿ, ಹಲಗೆಯನ್ನು ಅದರ ಮೇಲೆ ತಳ್ಳಬಹುದು. ಬಿಟ್ಟು ಎಷ್ಟು ಇಣುಕುತ್ತದೋ ಸಾಲು ಅಷ್ಟು ಆಳ. ಅದನ್ನು ಮೇಜಿನ ಮೇಲಿನಿಂದಲೇ ಒಂದು ಹಿಡಿಕೆ ತಿರುಗಿಸಿ ಕೂದಲೆಳೆಯಷ್ಟು ಏರಿಸಿ ಇಳಿಸುವ ಉಪಕರಣಕ್ಕೆ ರೌಟರ್ ಲಿಫ್ಟ್ ಎನ್ನುತ್ತಾರೆ. ಇಷ್ಟು ತಿಳಿದರೆ ನಿಮಗೆ ಸಾಕು. ನನಗೆ ಇದಕ್ಕಿಂತ ಎಷ್ಟೋ ಹೆಚ್ಚು ತಿಳಿಸಲಾಗಿದೆ.

ಧಾರವಾಡದವರಾದ ಇವರು ನನ್ನನ್ನು ನೋಡಲು ಬಂದಾಗ ಕೇಳಿದ್ದು ಎರಡೇ ಪ್ರಶ್ನೆ. "ಇಂಗ್ಲಿಷ್ ಪತ್ರ ಬರಿಯಾಕ ಬರ್ತೈತೇನು?" ಒಂದು. "ಮಿಲ್ಲಿನ ವಾಸನಿ ತಡ್ಕೋತಿಯೇನು?" ಎರಡು. ಮಿಲ್ಲಿಗೆ ಹೊಸದಾಗಿ ಸೇರಿದವರು, ಆ ವಾಸನೆಯಲ್ಲೇ ಹುಟ್ಟಿ ಬೆಳೆದ ದಾಂಡೇಲಿಯ ಹುಡುಗಿಯನ್ನು ಕೇಳುತ್ತಿದ್ದರು. ನಾನು ತಲೆಯಾಡಿಸಿದೆ, ಮದುವೆಯಾಯಿತು. ಲಿಫ್ಟನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳಲಿಲ್ಲ. ಅದಕ್ಕೊಂದು ನೋಟ್‌ಬುಕ್ಕು ಹಾಕಿದರು. ಹಿಡಿಕೆ ಮೇಲಿನಿಂದ ತಿರುಗುತ್ತದೋ ಕೆಳಗಿನಿಂದಲೋ? ಎತ್ತರ ಕೂರಿಸಿದ ಮೇಲೆ ಬಿಗಿ ಹಾಕುವ ಕೀಲಿ ಇದೆಯೋ ಇಲ್ಲವೋ? ಮೇಜಿಗೆ ಕೂರುವ ಪ್ಲೇಟು ಅಲ್ಯುಮಿನಿಯಮ್ಮೋ ಬೇರೆಯದೋ, ನಡುವೆ ಬಾಗುತ್ತದೋ? ಸ್ಕ್ರೂ ಸಡಿಲವಾಗಿ ಜೋಲಿ ಹೊಡೆಯುತ್ತದೋ? ಊಟದ ಹೊತ್ತಿನಲ್ಲಿ ನೋಟ್‌ಬುಕ್ಕು ತಟ್ಟೆಯ ಪಕ್ಕ ಇರುತ್ತಿತ್ತು. ಕೆಂಪು ಪೆನ್ಸಿಲ್ ಗೀಟು ಬಿದ್ದ ಲಿಫ್ಟುಗಳ ಬಗ್ಗೆ ನನಗೆ ಒಳಗೊಳಗೇ ಮರುಕ.

ಈ ನೋಟ್‌ಬುಕ್ಕನ್ನು ನೋಡಿ ನಕ್ಕವನು ಬಸ್ತ್ಯಾಂವ. ಹಳಿಯಾಳದ ಕಡೆಯ ಹಳ್ಳಿಯ ಸಿದ್ದಿ ಬಡಗಿ. ನಮ್ಮ ಮನೆಯ ಬಾಗಿಲು ಕಿಟಕಿ ಎಲ್ಲ ಅವನ ಕೈಯವೇ. ಮಾಪನದ ಟೇಪು ಅವನ ಜೇಬಿನಲ್ಲಿ ಇರುತ್ತದೆ, ಆದರೆ ಅವನು ಅದನ್ನು ಬಿಚ್ಚಿದ್ದನ್ನು ನಾನು ನೋಡಿಲ್ಲ. ಹಲಗೆಯ ಮೇಲೆ ಅಂಗೈ ಓಡಿಸಿ "ಇಲ್ಲಿ ಹೊಟ್ಟಿ ಬಂದೈತಿ" ಎನ್ನುತ್ತಾನೆ, ಬಂದಿರುತ್ತದೆ.

"ಸಾಹೇಬ್ರ, ಇದೇನ್ರಿ, ಕನ್ಯಾ ನೋಡಾಕತ್ತೀರೋ ಯಂತ್ರ ನೋಡಾಕತ್ತೀರೋ?" ಎಂದ. "ಜೀಪಿನ ಜಾಕ್ ಐತಿ ನಮ್ಮ ಮನ್ಯಾಗ. ತಂದು ಕೆಳಗ ಹಚ್ರಿ. ಜೀಪ್ ಎತ್ತೂ ಜಾಕ್, ನಿಮ್ಮ ಮೋಟರ್ ಎತ್ತಾಕ ಒಲ್ಲೆ ಅಂತೈತೇನು?"

ಜಾಕು ಬಂತು. ಒಲ್ಲೆ ಎನ್ನಲಿಲ್ಲ. ಆದರೆ ಒಂದು ಸುತ್ತು ತಿರುಗಿಸಿದರೆ ಒಮ್ಮೆ ಸಾಸಿವೆ ಕಾಳಷ್ಟು, ಇನ್ನೊಮ್ಮೆ ತೊಗರಿ ಕಾಳಷ್ಟು ಏರುತ್ತಿತ್ತು. ಅದನ್ನು ತಿರುಗಿಸಲು ಇವರು ಮೇಜಿನ ಕೆಳಗೆ ಮೊಣಕಾಲೂರಿ ನುಸುಳಬೇಕು. ನುಸುಳುವುದು ಬರುತ್ತಿತ್ತು, ಹೊರಗೆ ಬರುವಾಗ ನನ್ನನ್ನು ಕೂಗಬೇಕಾಗುತ್ತಿತ್ತು. ನಾಲ್ಕನೆಯ ಸಲ ಕೂಗಿದಾಗ ನಾನೇ ಹೇಳಿದೆ, "ಆ ಲಿಫ್ಟ್ ತರಸ್ರಿ."

ತರಿಸುವ ಮುಂಚೆ ರೌಟರಿನ ಮೋಟರಿನ ಸೊಂಟ ಅಳೆಯಬೇಕು. ಲಿಫ್ಟಿನ ಉಂಗುರದೊಳಗೆ ಅದು ಸರಿಯಾಗಿ ಕೂತರೆ ಮಾತ್ರ ಸಂಸಾರ. ದಪ್ಪ ಅಳೆಯುವ ಇವರ ವರ್ನಿಯರಿನ ಬಾಯಿ ಅಷ್ಟು ಅಗಲ ತೆರೆಯುವುದಿಲ್ಲ, ಹಾಗಾಗಿ ನನ್ನ ಹೊಲಿಗೆ ಟೇಪು ತೆಗೆದುಕೊಂಡು ಸುತ್ತ ಅಳೆದು ಲೆಕ್ಕ ಹಾಕಿದರು. ಲಿಫ್ಟು ಬಂತು, ಮೋಟರು ಉಂಗುರದ ಬಾಯಿಯಲ್ಲೇ ಸಿಕ್ಕಿಕೊಂಡಿತು. ತಪ್ಪು ಟೇಪಿನದು. ವರ್ಷಗಟ್ಟಲೆ ಎಳೆದು ಎಳೆದು ಅದು ಹಿಗ್ಗಿತ್ತು. ಅದೇ ಟೇಪಿನಿಂದ ಅಳೆದು ಅದೇ ಟೇಪಿನಿಂದ ಕತ್ತರಿಸುತ್ತಿದ್ದರಿಂದ ನನ್ನ ರವಿಕೆಗಳಿಗೆ ಎಂದೂ ಮೋಸವಾಗಿರಲಿಲ್ಲ. ಲಿಫ್ಟು ಹೊಲಿದವರು ಬೇರೆ ಟೇಪಿನವರು. ಅದನ್ನು ಹಿಂದಕ್ಕೆ ಕಳಿಸಿ ಇನ್ನೊಂದು ತರಿಸುವ ಹೊತ್ತಿಗೆ ಮಳೆಗಾಲ ನಡುವಿಗೆ ಬಂದಿತ್ತು.

ಇಷ್ಟೆಲ್ಲ ಅವಸರ ಏಕೆಂದು ಹೇಳಲೇ ಇಲ್ಲ ನೋಡಿ. ಸಿಸ್ಟರ್ ಬೆನಡಿಕ್ಟಾ ಅವರಿಗಾಗಿ.

ಸಿಸ್ಟರ್ ನಮ್ಮ ಕಾನ್ವೆಂಟಿನಲ್ಲಿ ನನಗೆ ಆರು ವರ್ಷ ಪಾಠ ಹೇಳಿದವರು. ಪಾಠಕ್ಕಿಂತ ಹೆಚ್ಚಾಗಿ ಅಂಚು ಹೇಳಿಕೊಟ್ಟವರು. ನೋಟ್‌ಬುಕ್ಕಿನ ಮಾರ್ಜಿನ್ನು, ಯೂನಿಫಾರ್ಮಿನ ಪಿನಾಫೋರಿನ ನೆರಿಗೆ, ಉಗುರಿನ ಅಂಚು, ಎಲ್ಲದಕ್ಕೂ ಅವರ ಪುಟ್ಟ ಸ್ಕೇಲು ಬರುತ್ತಿತ್ತು. ಸಂಜೆ ಬೆಲ್ಲು ಹೊಡೆದ ಮೇಲೆ ನಾವು ನಮ್ಮ ನಮ್ಮ ಡೆಸ್ಕನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕೈಕಟ್ಟಿ ನಿಲ್ಲಬೇಕು. ಸಿಸ್ಟರ್ ಸಾಲಿನುದ್ದಕ್ಕೂ ಬಂದು ಬಿಳಿ ಕರವಸ್ತ್ರವನ್ನು ಡೆಸ್ಕಿನ ಮೇಲೆ ಒಮ್ಮೆ ಎಳೆದು ನೋಡುತ್ತಿದ್ದರು. ಒಣ ಬಟ್ಟೆಯಲ್ಲಿ ಒರೆಸಿದವರನ್ನು ಅವರು ಕಣ್ಣಲ್ಲೇ ಗುರುತಿಸುತ್ತಿದ್ದರು. "ಒಣ ಬಟ್ಟೆ ಧೂಳನ್ನು ಓಡಿಸುತ್ತದೆ, ಒದ್ದೆ ಬಟ್ಟೆ ಹಿಡಿಯುತ್ತದೆ" ಎನ್ನುತ್ತಿದ್ದರು. ಐದು ದಶಕಗಳಾದವು, ನಾನು ಇವತ್ತಿಗೂ ಸಂಜೆಯಾದರೆ ಮನೆಯ ಎಲ್ಲ ಮೇಜುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಯಾರೂ ಕರವಸ್ತ್ರ ಹಿಡಿದು ಬರುವುದಿಲ್ಲ. ಆದರೂ ಒರೆಸಿ ಒಂದು ಕ್ಷಣ ನಿಲ್ಲುತ್ತೇನೆ.

ಈಗ ಸಿಸ್ಟರಿಗೆ ಎಂಬತ್ತು ದಾಟಿದೆ. ಕತ್ತಿನ ಎಲುಬು ಸವೆದು ತಲೆ ಬಗ್ಗಿಸಬಾರದೆಂದು ಡಾಕ್ಟರು ಹೇಳಿದ್ದಾರೆ. ಓದದೆ ಇರಲಾರರು, ಪುಸ್ತಕವನ್ನು ಮುಖದೆದುರು ಎತ್ತಿ ಹಿಡಿಯುತ್ತಾರೆ, ಕೈ ನಡುಗುತ್ತದೆ. ಜೂನ್‌ನಲ್ಲಿ ನಾವಿಬ್ಬರೂ ನೋಡಲು ಹೋದಾಗ ಒಂದು ಪುಟ ಓದಿ ಪುಸ್ತಕವನ್ನು ಮಡಿಲಲ್ಲಿಟ್ಟು ಉಸಿರು ತೆಗೆದುಕೊಂಡರು. "ಅಕ್ಷರಗಳು ಕುಣಿಯುತ್ತವೆ ಸುಮತಿ. ಮೊದಲು ನೀವು ಕುಣಿಯುತ್ತಿದ್ದಿರಿ, ಈಗ ಅವು" ಎಂದು ನಕ್ಕರು. ಗಣಪತಿ ಹಬ್ಬ ಮುಗಿದ ಮರುವಾರ ಅವರನ್ನು ಗೋವೆಯ ಕಡೆ, ವಯಸ್ಸಾದ ಸಿಸ್ಟರುಗಳ ಮನೆಗೆ ಕಳಿಸುವುದು ಎಂದಾಗಿತ್ತು. ನಮ್ಮ ಯಜಮಾನರು ಅಲ್ಲೇ ಎದ್ದು ನಿಂತು, "ನಿಮಗ ಒಂದು ಪುಸ್ತಕದ ಸ್ಟ್ಯಾಂಡ್ ಮಾಡಿ ಕೊಡ್ತೇನಿ ಸಿಸ್ಟರ್, ಕೂತಲ್ಲೇ ನೆಟ್ಟಗ ಓದಬೇಕು" ಎಂದರು. ಆಗಿನ್ನೂ ಇವರು ಮಾಡಿದ್ದು ಒಂದೇ ಒಂದು ಮಣೆ, ಅದೂ ಕುಂಟುತ್ತಿತ್ತು. ಕಾಗದ ಇಟ್ಟಿದ್ದೆವು.

ಮರ ನಾನು ಕೊಟ್ಟೆ. ನಮ್ಮಮ್ಮ ಇಸ್ತ್ರಿ ಮಾಡುತ್ತಿದ್ದ ಸಾಗವಾನಿ ಹಲಗೆ. ದಿನಾ ಬೆಳಿಗ್ಗೆ ಕೆಂಡದ ಇಸ್ತ್ರಿಪೆಟ್ಟಿಗೆಯಲ್ಲಿ ಅಮ್ಮ ನನ್ನ ಪಿನಾಫೋರಿನ ನೆರಿಗೆ ಒಂದೊಂದಾಗಿ ಕೂರಿಸುತ್ತಿದ್ದದ್ದು ಅದರ ಮೇಲೆಯೇ. ಅದರ ಒಂದು ಕಡೆ ಇಸ್ತ್ರಿಪೆಟ್ಟಿಗೆಯ ಮೂಗಿನ ಆಕಾರದ ಕಪ್ಪು ಕಲೆ ಇದೆ. ನಾನು ಹತ್ತು ವರ್ಷದವಳಿದ್ದಾಗ, ಅಮ್ಮ ನೀರು ತರಲು ಹೋದಾಗ, ನಾನೇ ಇಸ್ತ್ರಿ ಮಾಡಿಕೊಳ್ಳುತ್ತೇನೆಂದು ಪೆಟ್ಟಿಗೆ ಇಟ್ಟು, ಕಿಟಕಿಯ ಹೊರಗೆ ಏನನ್ನೋ ನೋಡುತ್ತ ಮರೆತದ್ದು. ಅಮ್ಮ ವಾಸನೆ ಹಿಡಿದು ಬಂದರು, ಪೆಟ್ಟಿಗೆ ಎತ್ತಿದರು. ಮರುದಿನ ನೋಡಿದರೆ ಕಲೆ ಕೆಳಗಾಗುವಂತೆ ಹಲಗೆಯನ್ನು ಮಗುಚಿ ಇಟ್ಟಿದ್ದರು. ಅಪ್ಪನಿಗೆ ಆ ಕಲೆ ಕಡೆಯವರೆಗೂ ಗೊತ್ತಾಗಲಿಲ್ಲ. ಅಂಥ ಹಲಗೆ ಒಂದೇ ಇದ್ದದ್ದು, ಒಂದು ಸ್ಟ್ಯಾಂಡಿಗೆ ಸರಿಯಾಗಿ ಸಾಕಾಗುವಷ್ಟು. ಕೆಟ್ಟರೆ ಇನ್ನೊಂದಿಲ್ಲ. ಓರೆ ಹಲಗೆಯ ಬುಡದಲ್ಲಿ ಒಂದು ಸಾಲು ಕೊರೆದು ಅದರಲ್ಲಿ ಪುಸ್ತಕ ಕೂರುವ ಪಟ್ಟಿ ಸಿಗಿಸಬೇಕು. ಸಾಲು ಒಂದು ತುದಿಯಲ್ಲಿ ಆಳ, ಇನ್ನೊಂದರಲ್ಲಿ ಮೇಲೆ ಎಂದಾದರೆ ಪಟ್ಟಿ ಓರೆ, ಪುಸ್ತಕ ಜಾರಿ ಸಿಸ್ಟರ್ ಮಡಿಲಿಗೆ. ಬಸ್ತ್ಯಾಂವ ಉಳಿಯಿಂದ ಒಂದು ಗಂಟೆಯಲ್ಲಿ ಮಾಡಿಕೊಡುತ್ತಿದ್ದ. ಆದರೆ ಮಾತು ಕೊಟ್ಟವರು ಇವರು.

ಎರಡನೆಯ ಲಿಫ್ಟು ಚೆನ್ನಾಗಿ ಕೂತಿತು. ಅದರ ಪ್ಲೇಟು ಮೇಜಿನ ಮುಖದಲ್ಲಿ ಕೊರೆದ ತಗ್ಗಿನಲ್ಲಿ ಕೂರುತ್ತದೆ, ಮೇಜಿಗೆ ಸಮ ಆಗಬೇಕು, ಉಗುರು ಎಳೆದರೆ ಎಲ್ಲೂ ಎಡವಬಾರದು. ಆ ತಗ್ಗನ್ನು ಇವರು ಬಸ್ತ್ಯಾಂವ ಬರುವವರೆಗೆ ಕಾಯದೆ ಕೊರೆದಿದ್ದರಿಂದ ನಾಲ್ಕು ಮೂಲೆ ನಾಲ್ಕು ಆಳ. ಅದಕ್ಕೆಂದೇ ಲಿಫ್ಟಿನ ಜೊತೆ ನಾಲ್ಕು ಪುಟ್ಟ ಸ್ಕ್ರೂ ಬಂದಿದ್ದವು. ತಿರುಗಿಸಿದರೆ ಆ ಮೂಲೆ ಏರುತ್ತದೆ. ಇವರು ಅವನ್ನು ಅಂಗೈಯಲ್ಲಿಟ್ಟು ನೋಡಿ ಹಿಂದಕ್ಕೆ ಡಬ್ಬಿಗೆ ಹಾಕಿದರು.

"ಅರ್ಧ ಸುತ್ತು ಅಂದ್ರ ಎಷ್ಟಂತ ಯಾರಿಗೆ ಗೊತ್ತು? ಹಾಳಿ ಅಂದ್ರ ನನಗ ಗೊತ್ತು."

ಅಟ್ಟದ ಮೇಲಿನಿಂದ ಮಿಲ್ಲಿನ ನಮೂನೆ ಹಾಳೆಗಳ ಕಟ್ಟು ಇಳಿಯಿತು. ಕಣ್ಣು ಮುಚ್ಚಿ, ಬೆರಳು ಉಜ್ಜಿ, ಒಂದು ಮೂಲೆಗೆ ಎರಡು ಹಾಳೆ, ಒಂದಕ್ಕೆ ಮೂರು, ಒಂದಕ್ಕೆ ಒಂದೇ ಒಂದು ತೆಳು ಪದರ. ಪ್ಲೇಟು ಇಟ್ಟು ಉಗುರು ಎಳೆದರೆ ನಿಜಕ್ಕೂ ಎಲ್ಲೂ ಎಡವಲಿಲ್ಲ. ನನಗೂ ಎಳೆಯಲು ಕೊಟ್ಟರು. ಮದುವೆಯ ಹೊಸತರಲ್ಲಿ ಬಿಟ್ಟರೆ ಅಷ್ಟು ಸಂತೋಷದ ಮುಖ ನಾನು ನೋಡಿರಲಿಲ್ಲ.

ಬಿಟ್ಟಿನ ಎತ್ತರ ಕೂರಿಸುವುದರಲ್ಲಿ ನಾನೂ ಒಂದು ಸಲಹೆ ಕೊಟ್ಟೆ. ಬೇಕಾದ ಗುರುತಿಗಿಂತ ಮೇಲೆ ಹೋಯಿತೆಂದು ಇವರು ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸುತ್ತಿದ್ದರು, ಮೋಟರು ಶುರುವಾದರೆ ಬಿಟ್ಟು ಒಂದಿಷ್ಟು ಕುಸಿಯುತ್ತಿತ್ತು. ಕಾನ್ವೆಂಟಿನಲ್ಲಿ ಒಂದು ದೊಡ್ಡ ರೇಡಿಯೋ ಇತ್ತು. ಅದರ ಮುಳ್ಳು ಹಿಂದಕ್ಕೆ ತಿರುಗಿಸಿದರೆ ಸ್ಟೇಷನ್ನಿಗೆ ನಿಲ್ಲದು. ಪೂರ್ತಿ ಹಿಂದೆ ಹೋಗಿ ಮತ್ತೆ ಮೆಲ್ಲಗೆ ಮುಂದೆ ಬರಬೇಕು. "ಕೆಳಗ ಇಳಿಸಿ, ಆಮೇಲೆ ಏರಿಸಿಕೋತ ಬಂದು ನಿಲ್ಲಸ್ರಿ" ಎಂದೆ. ನಿಂತಿತು. ಇವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹೆಸರು ಹಾಕಲಿಲ್ಲ.

ಆಮೇಲೆ ಶುರುವಾಯಿತು ನೋಡಿ. ಮಧ್ಯಾಹ್ನ ಹಳೆ ಮಾವಿನ ಹಲಗೆಯ ಮೇಲೆ ಪ್ರಯೋಗ ಮಾಡಿದರೆ ಸಾಲು ಗೆರೆ ಹೊಡೆದಂತೆ. ಮರುದಿನ ಬೆಳಿಗ್ಗೆ ಅದೇ ಮೇಜು, ಅದೇ ಬಿಟ್ಟು, ಹಲಗೆ ತಳ್ಳಿದರೆ ಪ್ಲೇಟಿನ ಅಂಚಿಗೆ ಟಕ್ ಎಂದು ತಾಗಿ ನಿಲ್ಲುತ್ತದೆ. ದೂಡಿದರೆ ಸಾಲು ಒಂದು ಕಡೆ ಆಳ, ಒಂದು ಕಡೆ ತೇಲು. ಪ್ಲೇಟಿನ ಎಡ ಮೂಲೆ ಎದ್ದಿರುತ್ತದೆ. ಇವರು ಒಂದು ಹಾಳೆ ತೆಗೆಯುತ್ತಾರೆ, ಸಮವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದೇ ಮೂಲೆ ತಗ್ಗಿರುತ್ತದೆ. ಹಾಳೆ ಮತ್ತೆ ಸೇರಿಸುತ್ತಾರೆ. ಮರುದಿನ ಬೆಳಿಗ್ಗೆ ಮತ್ತೆ ಟಕ್. ಹೀಗೆ ಒಂದು ವಾರ. ಮಾವಿನ ಹಲಗೆ ಮುಗಿದು ಹಳೆ ಖುರ್ಚಿಯ ಬೆನ್ನಿಗೆ ಬಂದರು. ಬೀದಿಯಲ್ಲಿ ಗಣಪತಿ ಮಂಟಪಕ್ಕೆ ಬೊಂಬು ಬಂದು ಬಿದ್ದಿದ್ದವು.

"ಲಿಫ್ಟ್ ಸರಿ ಇಲ್ಲ. ಸ್ಕ್ರೂ ಉಸಿರಾಡ್ತೈತಿ" ಎಂದರು ಇವರು. "ಕಂಪನಿಗೆ ಒಂದು ಪತ್ರ ಬರಿ. ಛೊಲೋ ಇಂಗ್ಲಿಷ್‌ನ್ಯಾಗ, ನಿಮ್ಮ ಸಿಸ್ಟರ್ ಕಲಿಸ್ಯಾರಲ್ಲ ಹಂಗ."

ನೋಡಲು ಬಂದ ದಿನ ಕೇಳಿದ ಮೊದಲ ಪ್ರಶ್ನೆ ಇಷ್ಟು ವರ್ಷಕ್ಕೆ ಉಪಯೋಗಕ್ಕೆ ಬಂತು. ನಾನು ಬರೆದೆ. ಎಷ್ಟು ಗಂಭೀರವಾಗಿ ಬರೆದೆ ಎಂದರೆ ಓದಿದರೆ ಕಂಪನಿಯವರು ಎದ್ದು ನಿಲ್ಲಬೇಕು. ಎಡಗಡೆ ಮಾರ್ಜಿನ್ನು ಬಿಟ್ಟೆ. ಕಾಮಾಗಳನ್ನು ಎರಡು ಸಲ ನೋಡಿದೆ. ನಾಳೆ ಬೆಳಿಗ್ಗೆ ಫೋಟೋ ತೆಗೆದು ಕಳಿಸುವುದು ಎಂದಾಯಿತು. ಹೇಗೂ ದಿನವಿಲ್ಲ, ಆದದ್ದಾಗಲಿ, ನಾಳೆ ಬೆಳಿಗ್ಗೆಯೇ ಸಾಗವಾನಿ ಹಲಗೆಗೆ ಕೈ ಹಾಕುತ್ತೇನೆ ಎಂದೂ ಇವರು ಹೇಳಿದರು. ಪತ್ರ ಬರೆದ ಸಮಾಧಾನದಲ್ಲಿ ನಾನು ಎಂದಿನಂತೆ ಶೆಡ್ಡಿಗೆ ಹೋಗಿ, ಎಂದಿನಂತೆ ಮರದ ಹೊಟ್ಟನ್ನು ಗುಡಿಸಿ, ಎಂದಿನಂತೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಮೇಜು ಒರೆಸಿದೆ.

ಎಡ ಮೂಲೆಯಲ್ಲಿ ಬಟ್ಟೆಯ ದಾರಕ್ಕೆ ಏನೋ ಸಿಕ್ಕಿತು. ಎಳೆದೆ. ಪ್ಲೇಟಿನ ಕೆಳಗಿನಿಂದ ಕಾಗದದ ತುದಿ ಬಂತು, ಹಾಲಿನಲ್ಲಿ ನೆನೆದ ಬ್ರೆಡ್ಡಿನ ಹಾಗೆ ಉಬ್ಬಿ ಮೆತ್ತಗಾಗಿತ್ತು. ಶೆಡ್ಡಿನ ಬಾಗಿಲಿನ ಎಡಗಡೆ ನಿಂತು ಒರೆಸುವವಳು ನಾನು. ಬಟ್ಟೆಯಿಂದ ನೀರಿಳಿಯುವುದು ಮೊದಲು ಎಡ ಮೂಲೆಗೆ. ರಾತ್ರಿಯಿಡೀ ಉಬ್ಬಿದ ಹಾಳೆ ಮಧ್ಯಾಹ್ನಕ್ಕೆ ಒಣಗಿ ಇಳಿಯುತ್ತಿತ್ತು.

ಅಲ್ಲೇ ನಿಂತೆ. ದಿನಾ ಒರೆಸಿದ ಮೇಲೆ ನಿಲ್ಲುತ್ತಿದ್ದ ಹಾಗೆಯೇ, ಕೈಕಟ್ಟಿ.

ನಾನು ಕ್ರಿಶ್ಚಿಯನ್ ಅಲ್ಲ. ಆದರೆ ಕಾನ್ವೆಂಟಿನಲ್ಲಿ ಶನಿವಾರ ನನ್ನ ಗೆಳತಿಯರು ಫಾದರ್ ಹತ್ತಿರ ಪಾಪನಿವೇದನೆಗೆ ಹೋಗಿ, ಜಾಲರಿಯ ಆಚೆ ಏನೋ ಪಿಸುಗುಟ್ಟಿ, ಹಗುರಾಗಿ ಜಿಗಿಯುತ್ತ ಬರುತ್ತಿದ್ದದ್ದನ್ನು ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು. ನಮಗೆ ಅಂಥ ವ್ಯವಸ್ಥೆ ಇರಲಿಲ್ಲ. ನಮ್ಮ ಮನೆಯಲ್ಲಿ ಹಲಗೆ ಮಗುಚುತ್ತಿದ್ದರು.

ನಾನೂ ಮಗುಚಿದೆ. ಒಳಗೆ ಹೋಗಿ ಇವರ ಮುಂದೆ ಆ ಕಾಗದ ಇಟ್ಟು, "ಹಾಳಿ ತೇವ ಹಿಡದೈತ್ರಿ, ಅದಕ್ಕ ಮೂಲಿ ಏಳಾಕತ್ತೈತಿ" ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಮಳಿಗಾಲ ಅಲ್ಲೇನ್ರಿ?" ಎಂದೂ ಸೇರಿಸಿದೆ. ಎರಡೂ ವಾಕ್ಯ ನಿಜವೇ. ನಡುವಿನ ಒಂದು ವಾಕ್ಯ ಬಿಟ್ಟಿದ್ದೆ, ಅಷ್ಟೆ.

ಇವರು ಕಾಗದವನ್ನು ತೆಗೆದುಕೊಂಡು ಉಜ್ಜಿದರು. ಬಹಳ ಹೊತ್ತು ಉಜ್ಜಿದರು. ಆಮೇಲೆ ಕನ್ನಡಕ ತೆಗೆದು ಖುರ್ಚಿಯಲ್ಲಿ ಕೂತರು.

"ಮೂವತ್ತು ವರ್ಷ ತೇವ ನೋಡ್ದಾಂವ ನಾನು" ಎಂದರು. "ಹವಾದಾಗಿನ ತೇವಕ್ಕ ಹಾಳಿ ಇಷ್ಟ್ ಉಬ್ಬತೈತಿ ಅಂತ ನನಗ ತಿಳೀಲಿಲ್ಲಲ್ಲ ಸುಮತಿ. ವಯಸ್ಸಾತು."

ಹವೆಯ ತೇವಕ್ಕೆ ಅಷ್ಟು ಉಬ್ಬುವುದಿಲ್ಲ. ಇವರ ಬೆರಳಿಗೆ ಅದು ಸರಿಯಾಗಿಯೇ ಗೊತ್ತಿತ್ತು. ಬೆರಳು ಹೇಳಿದ್ದನ್ನು ನಂಬದೆ ನನ್ನ ಮಾತು ನಂಬಿದರು. ನಿಜ ಬಾಯಿಗೆ ಬಂದೇ ಬಿಡುತ್ತಿತ್ತು. ಅಷ್ಟರಲ್ಲಿ ಹಾಲು ಉಕ್ಕಿತು. ಹಾಲು ಉಕ್ಕಿದ್ದು ಸುಳ್ಳಲ್ಲ, ಆದರೆ ನಾನು ಬೇಕಾದ್ದಕ್ಕಿಂತ ಜೋರಾಗಿ ಓಡಿದೆ.

ಮರುದಿನ ಪತ್ರ ಹೋಗಲಿಲ್ಲ, ಸಾಗವಾನಿಗೆ ಕೈ ಹಾಕುವುದೂ ಆಗಲಿಲ್ಲ. ಇವರು ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಪೇಪರನ್ನು ಓದಿದರು, ಉಜ್ಜಲಿಲ್ಲ. ಸಂಜೆ ನಾನೇ ಬಸ್ತ್ಯಾಂವನಿಗೆ ಫೋನು ಮಾಡಿದೆ.

ಅವನು ಬಂದು ಪ್ಲೇಟು ಎತ್ತಿ ನೋಡಿದ. ತಗ್ಗಿನ ಪ್ಲೈವುಡ್ಡಿನ ಮೇಲೆ ಎಡ ಮೂಲೆಯಿಂದ ಶುರುವಾಗಿ ನೀರಿನ ಕಲೆ ಗೆರೆಗೆರೆಯಾಗಿ ಹರಡಿತ್ತು. ಮೇಲೆ ಮಾಡಿನ ಪತ್ರಾಸು ನೋಡಿದ, ಎಲ್ಲೂ ಸೋರಿದ ಗುರುತಿಲ್ಲ. ಬಾಗಿಲ ಪಕ್ಕ ಮೊಳೆಗೆ ನೇತುಹಾಕಿದ್ದ ನನ್ನ ಒದ್ದೆ ಬಟ್ಟೆ ನೋಡಿದ. ಆಮೇಲೆ ನನ್ನನ್ನು ನೋಡಿದ. ಅವನ ಮುಖದಲ್ಲಿ ನಗು ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ತಲುಪುವ ಮುಂಚೆ ತಡೆದುಕೊಂಡ. ಬಟ್ಟೆಯನ್ನು ಮೊಳೆಯಿಂದ ತೆಗೆದು ನನ್ನ ಕೈಗೆ ಕೊಟ್ಟ.

"ಅಕ್ಕಾರ, ಇದು ಅಡಿಗಿಮನ್ಯಾಗ ಇರ್ಲಿ" ಎಂದ, ಮೆಲ್ಲಗೆ.

ಇವರಿಗೆ ಜೋರಾಗಿ ಹೇಳಿದ, "ಸಾಹೇಬ್ರ, ಹಾಳಿ ಪುಸ್ತಕದಾಗ ಇರಬೇಕ್ರಿ, ಮೇಜಿನ್ಯಾಗಲ್ಲ. ಆ ಸ್ಕ್ರೂ ಕೊಡ್ರಿ ಇಲ್ಲಿ."

ತಗಡಿನ ನಾಲ್ಕು ಚೂರು ಕತ್ತರಿಸಿ, ಸ್ಕ್ರೂ ಪ್ಲೈವುಡ್ಡಿನಲ್ಲಿ ಹುಗಿಯದ ಹಾಗೆ ಮೂಲೆಮೂಲೆಗೆ ಕೂರಿಸಿದ. ತಿರುಗಿಸಿ ಅಂಗೈ ಓಡಿಸಿದ, ಮತ್ತೆ ತಿರುಗಿಸಿದ. ನಂತರ ನಮ್ಮ ಯಜಮಾನರ ಕೈ ಹಿಡಿದು ಪ್ಲೇಟಿನ ಮೇಲೆ ಇಟ್ಟ. "ನೀವ ಹೇಳ್ರಿ. ನಿಮ್ಮ ಬೆರಳಿಗೆ ತಿಳೀತೈತಿ."

ಇವರು ಕಣ್ಣು ಮುಚ್ಚಿದರು. "ಬಲಕ್ಕ ಒಂದು ತೆಳ್ಳಂದು ಕಡಿಮಿ ಐತಿ."

ಬಸ್ತ್ಯಾಂವ ಆ ಮೂಲೆಯ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದ. ಇವರು ಮತ್ತೆ ಉಜ್ಜಿ, "ಈಗ ಆತು" ಎಂದರು. ಸ್ಕ್ರೂವಿನ ಕಾಲು ಸುತ್ತು ಎಂದರೆ ಒಂದು ತೆಳ್ಳನೆಯ ಹಾಳೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಎರಡು ದಿನ ಬೆಳಿಗ್ಗೆ ಮಧ್ಯಾಹ್ನ ಪರೀಕ್ಷೆ ಮಾಡಿದರು, ಮೂಲೆ ಕದಲಲಿಲ್ಲ. ನಾನು ಆ ಎರಡು ದಿನ ಮೇಜನ್ನು ಒಣ ಬಟ್ಟೆಯಲ್ಲಿ ಒರೆಸಿದೆ. ಧೂಳು ಓಡಿತು. ಓಡಲಿ ಬಿಡಿ.

ಸಾಗವಾನಿ ಹಲಗೆ ಮೇಜಿಗೆ ಬಂದ ದಿನ ಬಸ್ತ್ಯಾಂವನೂ ಬಂದಿದ್ದ. ಕಪ್ಪು ಕಲೆಯನ್ನು ಕೀಸಿ ತೆಗೆಯೋಣವೆಂದರು ಇವರು. ಬೇಡವೆಂದೆ. ತಳ್ಳುವ ಹೊತ್ತಿಗೆ ಇವರ ಕೈ ಹಲಗೆಯ ಮೇಲೆ ನಿಂತಲ್ಲೇ ನಿಂತಿತು. ಹಲಗೆ ಒಂದೇ ಇದೆ ಎಂಬುದು ಕೈಗೂ ಗೊತ್ತಾಗುತ್ತದೆ.

"ಅಕ್ಕಾರ ದೂಡ್ಲಿ" ಎಂದ ಬಸ್ತ್ಯಾಂವ. "ಹೊಲಿಗಿ ಮಷಿನ್ನಿಗೆ ಅರಿವಿ ಕೊಟ್ಟಂಗ. ಅವಸರಿಲ್ಲ, ನಿಲ್ಲೂದಿಲ್ಲ."

ಇವರು ಲಿಫ್ಟಿನ ಹಿಡಿಕೆ ತಿರುಗಿಸಿ ಬಿಟ್ಟನ್ನು ಕೆಳಗೆ ಇಳಿಸಿ, ಮತ್ತೆ ಏರಿಸುತ್ತ ತಂದು ಗುರುತಿಗೆ ನಿಲ್ಲಿಸಿ ಕೀಲಿ ಬಿಗಿದರು. ಬೆರಳು ಬಿಟ್ಟಿಗೆ ತಾಗದಿರಲೆಂದು ನಾನು ಎರಡೂ ಕೈಯಲ್ಲಿ ಒಂದು ಮರದ ತುಂಡು ಹಿಡಿದು, ಅದರಿಂದ ಅಮ್ಮನ ಹಲಗೆಯನ್ನು ತಳ್ಳಿದೆ. ಪ್ಲೇಟಿನ ಅಂಚು ಎಲ್ಲಿ ಬಂತು, ಎಲ್ಲಿ ಹೋಯಿತು, ತಿಳಿಯಲೇ ಇಲ್ಲ. ಸಾಗವಾನಿಯ ವಾಸನೆ ಎದ್ದಿತು. ಅದರ ಹಿಂದೆ ಎಲ್ಲೋ ಸುಟ್ಟ ಬಟ್ಟೆಯ ವಾಸನೆಯೂ ಬಂದಂತಾಯಿತು, ಅಥವಾ ನನಗೆ ಹಾಗೆನಿಸಿತು. ಹಲಗೆ ಮಗುಚಿ ನೋಡಿದರೆ ಸಾಲು ಈ ತುದಿಯಿಂದ ಆ ತುದಿಗೆ ಒಂದೇ ಸಮ. ಬಸ್ತ್ಯಾಂವ ಅದರಲ್ಲಿ ಉಗುರು ಎಳೆದು ನಾಲಿಗೆ ಲೊಟಕರಿಸಿದ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನಮ್ಮ ಶೆಡ್ಡಿಗೆ ಇನ್ನೂ ಬಂದಿಲ್ಲ.

ಸಿಸ್ಟರ್ ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನೂ ಇವರೂ ಸ್ಟ್ಯಾಂಡನ್ನು ಹಳೆ ದುಪ್ಪಟ್ಟಿಯಲ್ಲಿ ಸುತ್ತಿಕೊಂಡು ಕಾನ್ವೆಂಟಿಗೆ ಹೋದೆವು. ಸಿಸ್ಟರ್ ಕೋಣೆಯಲ್ಲಿ ಒಂದು ಪೆಟ್ಟಿಗೆ ಕಟ್ಟಿ ಇಟ್ಟಿದ್ದರು. ಸ್ಟ್ಯಾಂಡನ್ನು ಮೇಜಿನ ಮೇಲಿಟ್ಟಾಗ ಸಿಸ್ಟರ್ ಮೊದಲು ಪುಸ್ತಕ ಇಡಲಿಲ್ಲ. ಅಂಚುಗಳ ಮೇಲೆ ಬೆರಳು ಎಳೆದರು, ನಾಲ್ಕೂ ಅಂಚು, ನಿಧಾನವಾಗಿ. ನಮ್ಮ ಯಜಮಾನರು ನಾಲ್ಕನೆಯ ಕ್ಲಾಸಿನ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದರು.

"ಈ ಕಪ್ಪು ಏನು?" ಎಂದರು ಸಿಸ್ಟರ್.

"ಇಸ್ತ್ರಿ ಸುಟ್ಟದ್ದು ಸಿಸ್ಟರ್. ನಾನೇ, ಚಿಕ್ಕವಳಿದ್ದಾಗ."

"ಪಿನಾಫೋರು?"

"ಹೌದು."

"ನೀನು ಒಂದು ಸೋಮವಾರ ನೆರಿಗೆ ಇಲ್ಲದೆ ಬಂದಿದ್ದೆ" ಎಂದರು. ಇಷ್ಟು ವರ್ಷದ ಮೇಲೆ ನನ್ನ ಕಿವಿ ಬಿಸಿಯಾಯಿತು.

ಆಮೇಲೆ ಪುಸ್ತಕ ಇಟ್ಟರು. ಪಟ್ಟಿ ಅದನ್ನು ಹಿಡಿಯಿತು. ಸಿಸ್ಟರ್ ಬೆನ್ನು ನೆಟ್ಟಗೆ ಮಾಡಿ, ಕತ್ತು ಬಗ್ಗಿಸದೆ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಒಂದು ಪುಟ ಓದಿದರು. ಕೈ ಮಡಿಲಲ್ಲಿ ನಡುಗುತ್ತಿತ್ತು, ಪುಟ ನಡುಗಲಿಲ್ಲ. ಪುಟ ತಿರುಗಿಸಿದಾಗ ಸ್ಟ್ಯಾಂಡು ಒಂದು ಚೂರು ಅಲುಗಾಡಿತು. ಇವರ ಮುಖ ಬಿಳಿಚಿತು. ಸ್ಟ್ಯಾಂಡಿನ ತಪ್ಪಲ್ಲ, ಅದು ಕಾನ್ವೆಂಟಿನ ಹಳೆಯ ಮೇಜು, ಅದರ ಮುಖ ಬಾಗಿತ್ತು. ಸಿಸ್ಟರ್ ಡ್ರಾಯರಿನಿಂದ ಒಂದು ಹಾಳೆ ತೆಗೆದು, ನಾಲ್ಕು ಮಡಿಕೆ ಮಡಚಿ, ಅಂಚಿನ ಮೇಲೆ ಉಗುರು ಎಳೆದು, ಸ್ಟ್ಯಾಂಡಿನ ಎಡ ಮೂಲೆಯ ಕೆಳಗೆ ತಳ್ಳಿದರು. ಸ್ಟ್ಯಾಂಡು ಸುಮ್ಮನಾಯಿತು. ನಮ್ಮ ಯಜಮಾನರ ಮುಖ ನೋಡಬೇಕಿತ್ತು ನೀವು, ಊರು ಬಿಟ್ಟು ಊರಲ್ಲಿ ತಮ್ಮ ಜಾತಿಯವರು ಸಿಕ್ಕಂತೆ.

ಮೇಜಿನ ಮೇಲೆ ದುಪ್ಪಟ್ಟಿಯಿಂದ ಉದುರಿದ ಮರದ ಪುಡಿ ಒಂದಿಷ್ಟು ಬಿದ್ದಿತ್ತು. ಸಿಸ್ಟರಿಗೆ ಅದು ಕಂಡಿತು. ಅವರಿಗೆ ಕಾಣದೆ ಇರುತ್ತದೆಯೇ?

"ಸುಮತಿ, ಆ ಬಟ್ಟೆ ತೆಗೆದುಕೋ. ನೀರಿನಲ್ಲಿ ಅದ್ದಿ ಈ ಮೇಜನ್ನು ಒಮ್ಮೆ ಒರೆಸಿಬಿಡು."

ಕಿಟಕಿಯ ಬಳಿ ಬಟ್ಟೆ, ಪಕ್ಕದಲ್ಲೇ ತಂಬಿಗೆಯಲ್ಲಿ ನೀರು. ನಾನು ಬಟ್ಟೆಯನ್ನು ಕೈಗೆ ತೆಗೆದುಕೊಂಡೆ. ಎಡ ಮೂಲೆಯ ಕಾಗದ ನೋಡಿದೆ. ನಾಳೆ ಸ್ಟ್ಯಾಂಡು ಸಿಸ್ಟರ್ ಜೊತೆ ಗೋವೆಗೆ ಹೋಗುತ್ತದೆ, ಆದರೆ ಇವತ್ತು ರಾತ್ರಿಯ ಓದು ಇದೇ ಮೇಜಿನ ಮೇಲೆ ಇನ್ನೂ ಬಾಕಿ ಇದೆ.

"ಒದ್ದೆ ಬೇಡ ಸಿಸ್ಟರ್" ಎಂದೆ. "ಒಣ ಬಟ್ಟೆಯಲ್ಲಿ ಒರೆಸ್ತೇನೆ. ಒದ್ದೆ ಬಟ್ಟೆಯ ನೀರು ಮೂಲೆಗೆ ಇಳಿದು ಹಾಳೆ ಉಬ್ಬುತ್ತದೆ."

ಸಿಸ್ಟರಿಗೆ ಎದುರು ಮಾತಾಡಿದ್ದು ಜೀವನದಲ್ಲಿ ಅದೇ ಮೊದಲು. ಅವರು ಹುಬ್ಬೇರಿಸಿದರು, ಆದರೆ ನಾನು ಅವರನ್ನು ನೋಡುತ್ತಿರಲಿಲ್ಲ. ನಮ್ಮ ಯಜಮಾನರು ಮೆಲ್ಲಗೆ ನನ್ನ ಕಡೆ ತಿರುಗಿದರು. ನನ್ನ ಮುಖ ನೋಡಿದರು, ಕೈಯಲ್ಲಿದ್ದ ಬಟ್ಟೆ ನೋಡಿದರು, ಮತ್ತೆ ಮುಖ ನೋಡಿದರು. ಹೆಬ್ಬೆರಳು ತೋರುಬೆರಳು ತಾನಾಗಿ ಉಜ್ಜತೊಡಗಿದವು.

"ಹವಾದ ತೇವ ಅಲ್ಲ ಅಂತ ನನ್ನ ಬೆರಳಿಗೆ ಆವತ್ತೇ ತಿಳಿದಿತ್ತು" ಎಂದರು.

ನಾನು ಮೇಜು ಒರೆಸಿದೆ, ಒಣ ಬಟ್ಟೆಯಲ್ಲಿ. ಒರೆಸಿ ಕೈಕಟ್ಟಿ ನಿಂತೆ. ಸಿಸ್ಟರ್ ನಿಲುವಂಗಿಯ ತೋಳಿನೊಳಗಿಂದ ಬಿಳಿ ಕರವಸ್ತ್ರ ತೆಗೆದರು.